ವಿಜಯವಾಡದ ಶೂಟೌಟಿಗೆ ಕಾಕಾನ ಜೊತೆ

ವಿಶಾಖಪಟ್ಟಣದ ನಿಲ್ದಾಣದಿಂದ ರೈಲು ಅಲುಗಾಡಿತೋ ಇಲ್ಲವೋ, ಕಿಟಕಿ ಪಕ್ಕ ಕೂತಿದ್ದ ವೀರಪ್ಪ ಕಾಕಾ ರಾಗ ತೆಗೆದ.

"ಗಿರಿಜಾ, ಮುಂದ ದುವ್ವಾಡ ಬರ್ತೈತಿ ಅಂದಿ ಹೌದಲ್ಲ? ನಾ ಅಲ್ಲೇ ಇಳ್ಕೊಂಡು ಹೊಳ್ಳಿ ಮನಿಗೆ ಹೋಗ್ತೀನಿ. ನೀವು ತಾಯಿ ಮಗಳು ನೋಡ್ಕೊಂಡು ಬರ್ರಿ."

"ಮನಿ ಕೀಲಿ ನನ್ನ ಹತ್ರ ಐತಿ. ಸುಮ್ನ ಕೂಡು," ಎಂದೆ.

ಅವನು ಮುಖ ಕಿಟಕಿಯ ಕಡೆ ತಿರುಗಿಸಿದ. ನನ್ನ ಮಗಳು ಚಿನ್ಮಯಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಎಂಟನೇ ತರಗತಿಯ ಹುಡುಗಿ. ನಾಲ್ಕು ವರ್ಷದ ಹಿಂದೆ ಬ್ಯಾಂಕಿನವರು ನನ್ನನ್ನು ಗದಗಿನಿಂದ ಎತ್ತಿ ವಿಶಾಖಪಟ್ಟಣದ ಮಧುರವಾಡ ಶಾಖೆಗೆ ಹಾಕಿದಾಗ ಅವಳಿಗೆ ತೆಲುಗಿನ ಒಂದಕ್ಷರ ಬರುತ್ತಿರಲಿಲ್ಲ. ಈಗ ನಿದ್ದೆಯಲ್ಲಿ ಮಾತಾಡುವುದೂ ತೆಲುಗಿನಲ್ಲೇ. ಕಾಕಾನನ್ನು ಅವಳು ಕರೆಯುವುದು ತೆಲುಗಿನ ಗೌರವ ಸೇರಿಸಿ "ಅಜ್ಜಗಾರೂ" ಎಂದು. ಬಂದ ಮೊದಲ ದಿನ ಕಾಕಾ, "ಯಾವ ಗಾರೋ ಏನೋ, ಕರದ್ರ ಸಾಕು," ಎಂದಿದ್ದ.

ನಾವು ಹೊರಟಿದ್ದದ್ದು ಹಾಕಿ ನೋಡಲು. ವಿಜಯವಾಡದಲ್ಲಿ ಆ ಶನಿವಾರ ಮತ್ತು ಭಾನುವಾರ ಮಹಿಳೆಯರ ವೃತ್ತಿಪರ ಲೀಗಿನ ನಾಕ್‌ಔಟ್ ಹಂತದ ಮೊದಲ ಸುತ್ತು. ಕಾಕಾನ ಕಿರಿಯ ಮಗಳು ರತ್ನಾ ಅದರಲ್ಲೊಂದು ತಂಡದ ಗೋಲ್‌ಕೀಪರ್. ತಂಡಗಳಿಗೆ ಉದ್ದುದ್ದ ಹೆಸರುಗಳಿವೆ, ಆದರೆ ನಮ್ಮ ಮನೆಯಲ್ಲಿ ಅಂಗಿಯ ಬಣ್ಣವೇ ಗುರುತು. ರತ್ನಾಳದು ಹಳದಿ ತಂಡ. ಎದುರಿಗೆ ನೀಲಿಯವರು. ಲೀಗಿನಲ್ಲಿ ನೀಲಿ ಎರಡನೆಯ ಸ್ಥಾನ ಪಡೆದಿತ್ತು, ಹಳದಿ ಏಳನೆಯದು. ಎರಡು ತಂಡಗಳ ನಡುವೆ ಎರಡು ಪಂದ್ಯ. ಎರಡನ್ನೂ ಗೆದ್ದವರು ಮುಂದೆ, ತಲಾ ಒಂದು ಗೆದ್ದರೆ ಶೂಟೌಟ್.

ಶೂಟೌಟ್ ಎಂದರೆ ಏನೆಂದು ಹೇಳಿಬಿಡುತ್ತೇನೆ. ನಮ್ಮ ಮನೆಯ ಜಗಳವೆಲ್ಲ ಅದರದ್ದೇ. ಎರಡೂ ತಂಡದಿಂದ ಐದೈದು ಆಟಗಾರ್ತಿಯರು, ಸರದಿ ಪ್ರಕಾರ ಒಬ್ಬೊಬ್ಬರಾಗಿ, ಚೆಂಡು ತೆಗೆದುಕೊಂಡು ಗೋಲಿನ ಕಡೆ ನುಗ್ಗಿ ಬರುತ್ತಾರೆ. ಎಂಟು ಸೆಕೆಂಡಿನೊಳಗೆ ಗೋಲು ಹೊಡೆಯಬೇಕು. ತಡೆಯಲು ಇರುವವಳು ಗೋಲ್‌ಕೀಪರ್ ಒಬ್ಬಳೇ. ನಮ್ಮ ರತ್ನಾ ಈ ಕೆಲಸಕ್ಕೆಂದೇ ಮೀಸಲಿಟ್ಟ ಕೀಪರ್. ಪಂದ್ಯವನ್ನೆಲ್ಲ ಇನ್ನೊಬ್ಬಳು ಆಡುತ್ತಾಳೆ, ಶೂಟೌಟ್ ಬಂದರೆ ಮಾತ್ರ ಅವಳನ್ನು ಕೂರಿಸಿ ರತ್ನಾಳನ್ನು ಕಳಿಸುತ್ತಾರೆ. ಎರಡು ವರ್ಷದಿಂದ ಹೀಗೆ. ಉಳಿದ ಹೊತ್ತೆಲ್ಲ ಬೆಂಚು.

ಲೀಗಿನಲ್ಲಿ ಪಂದ್ಯ ಸಮವಾದರೂ ಶೂಟೌಟೇ. ಹಾಗಾಗಿ ನಾನು ವಿಚಿತ್ರ ಅಭಿಮಾನಿ. ಉಳಿದವರೆಲ್ಲ ತಮ್ಮ ತಂಡ ಗೆಲ್ಲಲಿ ಎಂದು ಹರಕೆ ಹೊತ್ತರೆ ನಾನು ಸಮ ಆಗಲಿ ಎಂದು ಹೊರುತ್ತೇನೆ. ಹಳದಿ ತಂಡ ಒಂದು ಗೋಲು ಮುಂದಿದ್ದಾಗ ಎದುರಾಳಿ ಗೋಲು ಹೊಡೆದರೆ ಟಿ.ವಿ. ಮುಂದೆ ಚಪ್ಪಾಳೆ ತಟ್ಟಿ ಮಗಳಿಂದ ಬೈಸಿಕೊಂಡಿದ್ದೇನೆ.

ಕಾಕಾನದು ಇದಕ್ಕೆ ಪೂರಾ ಉಲ್ಟಾ. ಅವನು ಗದಗಿನ ಪಕ್ಕದ ಬೆಟಗೇರಿಯ ನೇಕಾರ. ಪ್ರಾಯದಲ್ಲಿ ಬೆಳಿಗ್ಗೆ ಮಗ್ಗಕ್ಕೆ ಕೂತು ಸಂಜೆ ಕೆಂಪು ಮಣ್ಣಿನ ಮೈದಾನದಲ್ಲಿ ಫುಲ್‌ಬ್ಯಾಕ್ ಆಡಿದವನು. ರತ್ನಾಳ ಕೈಗೆ ಮೊದಲ ಸ್ಟಿಕ್ ಕೊಟ್ಟವನೂ ಅವನೇ. ಅವನ ಪ್ರಕಾರ ಶೂಟೌಟ್ ಹಾಕಿಯೇ ಅಲ್ಲ. ಟಿ.ವಿ.ಯಲ್ಲಿ ಅದು ಶುರುವಾದರೆ ಎದ್ದು ಹೊರಗೆ ಹೋಗುತ್ತಾನೆ. ಅಂದರೆ ಈ ಎರಡು ವರ್ಷದಲ್ಲಿ ಮಗಳು ಆಡಿದ್ದನ್ನು ಅವನು ನೋಡಿಯೇ ಇಲ್ಲ. ರತ್ನಾಳಿಗೆ ಈಗ ಮೂವತ್ತೊಂದು. ಈ ವರ್ಷದ ಕರಾರು ಮುಗಿದರೆ ಮುಂದೆ ಕರೆಯುತ್ತಾರೋ ಇಲ್ಲವೋ ತಿಳಿಯದು. "ಅಪ್ಪ ಹೆಂಗೂ ನಿಮ್ಮನಿಗೆ ಬಂದಾನ. ಹೆಂಗರ ಮಾಡಿ ಒಂದ್ಸಲ ಕರ್ಕೊಂಡ್ ಬಾ ಅಕ್ಕ," ಎಂದು ಫೋನಿನಲ್ಲಿ ಅಂಗಲಾಚಿದ್ದಳು.

ಕಾಕಾ ನಮ್ಮಲ್ಲಿಗೆ ಬಂದಿದ್ದು ಸಮುದ್ರ ನೋಡಲೆಂದು. ವಾರದ ಕೆಳಗೆ ಭೀಮುನಿಪಟ್ಟಣಕ್ಕೆ ಕರೆದೊಯ್ದಿದ್ದೆವು. ನೀರಿಗಿಂತ ಹೆಚ್ಚು ಹೊತ್ತು ಅವನು ನೋಡಿದ್ದು ಮರಳಲ್ಲಿ ಬಲೆ ಸರಿಮಾಡುತ್ತಿದ್ದ ಮೀನುಗಾರರ ಬೆರಳುಗಳನ್ನು. ಒಂದು ಗಂಟನ್ನು ತಾನೂ ಹಾಕಿ ತೋರಿಸಿದ. ಅವರು ನಕ್ಕು, ಬಿಚ್ಚಿ, ತಮ್ಮ ಪದ್ಧತಿಯಲ್ಲಿ ಮತ್ತೆ ಹಾಕಿದರು. ಭಾಷೆ ಬಾರದಿದ್ದರೂ ಅಲ್ಲಿ ಇದ್ದಷ್ಟು ಖುಷಿಯಾಗಿ ಅವನನ್ನು ನಾನು ಬೇರೆಲ್ಲೂ ಕಾಣಲಿಲ್ಲ. ಸಂಜೆ ವಿಜಯವಾಡದ ಮಾತೆತ್ತಿದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಅಷ್ಟಕ್ಕೇ ನಾನು ಟಿಕೆಟ್ ತೆಗೆದೆ.

ದುವ್ವಾಡ ಬಂತು, ಹೋಯಿತು. ಕಾಕಾ ಇಳಿಯಲಿಲ್ಲ. ಅನಕಾಪಲ್ಲಿ ದಾಟಿದ ಮೇಲೆ ರೊಟ್ಟಿಯ ಗಂಟು ಬಿಚ್ಚಿದ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಎದುರಿಗೆ ಕೂತಿದ್ದ ದಂಪತಿಗೂ ಒಂದೊಂದು ಕೊಟ್ಟ. ಆ ಹೆಂಗಸು ಮುರಿದು ತಿಂದು, "ಅಪ್ಪಡಂ ಚಾಲಾ ಬಾಗುಂದಂಡಿ," ಎಂದು ಮೆಚ್ಚಿದರು. ತನ್ನ ರೊಟ್ಟಿಯನ್ನು ಹಪ್ಪಳ ಎಂದದ್ದಕ್ಕೆ ಕಾಕಾ ತುನಿ ಬರುವವರೆಗೂ ಗೊಣಗಿದ.

ವಿಶಾಖಪಟ್ಟಣದಿಂದ ವಿಜಯವಾಡ ಸುಮಾರು ಮುನ್ನೂರೈವತ್ತು ಕಿಲೋಮೀಟರು, ಹಗಲಿನ ರೈಲಿನಲ್ಲಿ ಆರು ತಾಸಿನ ಹಾದಿ. ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಬಿಸಿಲಿಗೆ ಬಿಸಿ ಇರಲಿಲ್ಲ. ಹಾಕಿಯ ಮಾತಿಗೆ ಇದಕ್ಕಿಂತ ಒಳ್ಳೆಯ ಹಾದಿ ಬೇಕಿಲ್ಲ. ಮೊದಲ ಸುತ್ತಿನ ಬಗ್ಗೆ ನನಗೆ ಕೆಲವು ಅಭಿಪ್ರಾಯಗಳಿವೆ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಫೈನಲ್ ಅನ್ನುವುದು ಮದುವೆ ಇದ್ದ ಹಾಗೆ. ಎಲ್ಲ ನಿಶ್ಚಯವಾಗಿ, ಎಲ್ಲರೂ ಅಲಂಕಾರ ಮಾಡಿಕೊಂಡು ಬಂದಿರುತ್ತಾರೆ. ಮೊದಲ ಸುತ್ತು ಹೆಣ್ಣು ನೋಡುವ ಶಾಸ್ತ್ರ. ಎರಡೂ ಕಡೆಯವರ ಎದೆ ಹೊಡೆದುಕೊಳ್ಳುತ್ತಿರುತ್ತದೆ, ಯಾರು ಯಾವ ಮಾತು ಆಡಿ ಕೆಲಸ ಕೆಡಿಸುತ್ತಾರೋ ಗೊತ್ತಿಲ್ಲ. ನಿಜವಾದ ಆಟ ಅಲ್ಲೇ ಇರುವುದು.

ಎರಡನೆಯ ಅಭಿಪ್ರಾಯ: ಏಳನೆಯ ಸ್ಥಾನದ ತಂಡಕ್ಕೆ ಹೆದರಬೇಕು. ಎರಡನೆಯವರಿಗೆ ಕಳೆದುಕೊಳ್ಳಲು ಬಹಳ ಇದೆ. ಏಳನೆಯವರು ಊರಿಗೆ ಹೋಗಲು ಬಟ್ಟೆ ಮಡಚಿಟ್ಟೇ ಮೈದಾನಕ್ಕೆ ಬಂದಿರುತ್ತಾರೆ.

"ಅದೆಲ್ಲ ಖರೇ," ಎಂದ ಕಾಕಾ. "ಆದ್ರ ನೀಲಿ ಮಂದಿ ಪೆನಾಲ್ಟಿ ಕಾರ್ನರ್ ಬಿಟ್ರ ಗೋಲ್ ಹೊಡದಿದ್ದು ನಾ ನೋಡಿಲ್ಲ. ಕಾರ್ನರ್ ಮ್ಯಾಲೆ ಬದುಕೋ ತಂಡ ಬಾಳ ದೂರ ಹೋಗಂಗಿಲ್ಲ."

"ಅಂದ್ರ ಹಳದಿ ಗೆಲ್ತೈತಿ ಅಂತಿ?"

"ಹಂಗೂ ಅನ್ನಂಗಿಲ್ಲ. ಹಳದಿಯವ್ರ ಎಡಗಡೆ ಹಾಫ್‌ಬ್ಯಾಕ್ ಮುಂದ ಹೋದ್ರ ಹಿಂದ ಬರೂದ ಮರ್ತುಬಿಡ್ತಾಳ." ಆಮೇಲೆ ಅವನ ಹಳೆಯ ದೂರು ಶುರುವಾಯಿತು. ಆಟವನ್ನು ನಾಲ್ಕು ತುಂಡು ಮಾಡಿ ಕೆಡಿಸಿಟ್ಟಿದ್ದಾರೆ ಎಂಬುದು. "ನಮ್ಮ ಕಾಲಕ್ಕ ಮೂವತ್ತೈದು ಮಿನಿಟು, ನಡುವ ಒಂದು ಲಿಂಬಿಹಣ್ಣಿನ ಹೋಳು, ಮತ್ತ ಮೂವತ್ತೈದು ಮಿನಿಟು. ಈಗ ಕ್ವಾರ್ಟರ್ ಅಂತ. ಕ್ವಾರ್ಟರ್ ಅಂದ್ರ ನಮ್ಮೂರಾಗ ಬ್ಯಾರೇನ ಅರ್ಥ ಐತಿ."

ಚಿನ್ಮಯಿ ಆ ಬೇರೆ ಅರ್ಥ ಏನೆಂದು ಕೇಳಿದಳು. ಪುಣ್ಯಕ್ಕೆ ಅಷ್ಟರಲ್ಲಿ ರಾಜಮಹೇಂದ್ರವರಂ ಬಂತು. ಪ್ಲಾಟ್‌ಫಾರ್ಮಿನಲ್ಲಿ ಪೂತರೇಕುಲು ಮಾರುತ್ತಿದ್ದರು. ಅಕ್ಕಿಯ ಕಾಗದದಂಥ ಹಾಳೆಯಲ್ಲಿ ಬೆಲ್ಲ ತುಪ್ಪ ಸುತ್ತಿದ ಸಿಹಿ. ಕಾಕಾ ಒಂದನ್ನು ಬೆಳಕಿಗೆ ಹಿಡಿದು, "ಇಷ್ಟು ತೆಳ್ಳಗ ನೂಲು ತೆಗದ್ರ ಹರದ ಹೋಗ್ತೈತಿ," ಎಂದು ಮೆಚ್ಚಿಕೊಂಡು, ಆಮೇಲೆ ಬಾಯಿಗೆ ಹಾಕಿಕೊಂಡ. ನಂತರ ಗೋದಾವರಿಯ ಸೇತುವೆ. ಮುಗಿಯುವುದೇ ಇಲ್ಲವೇನೋ ಎನ್ನಿಸುವ ಸೇತುವೆ. ಡಬ್ಬಿಯ ಮಾತೆಲ್ಲ ಗಡಗಡ ಸದ್ದಿನಲ್ಲಿ ಮುಳುಗಿತು. ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಆಚೆ ದಡ ಬರುವವರೆಗೂ ಕಣ್ಣು ಕೀಳಲಿಲ್ಲ. ಆಮೇಲೆ ಏಲೂರಿನವರೆಗೆ ಎರಡೂ ಕಡೆ ಹೊಸದಾಗಿ ನಾಟಿ ಮಾಡಿದ ಗದ್ದೆ, ತೆಂಗು, ಕಾಲುವೆ.

ವಿಜಯವಾಡದಲ್ಲಿ ನಿಲ್ದಾಣದ ಹತ್ತಿರವೇ ಸಾಧಾರಣ ಲಾಡ್ಜು ಹಿಡಿದಿದ್ದೆ. ಕೈಕಾಲು ತೊಳೆದು, ಆಟೋ ಹಿಡಿದು ಸಂಜೆಗೆ ಮೈದಾನ ಸೇರಿದೆವು. ಊರ ಅಂಚಿನಲ್ಲಿ ಈಚೆಗೆ ಹಾಕಿದ ನೀಲಿ ಟರ್ಫು, ಒಂದೇ ಬದಿಗೆ ಮೆಟ್ಟಿಲು, ಪ್ರವೇಶ ಪುಕ್ಕಟೆ. ಜನ ಅರ್ಧಕ್ಕಿಂತ ಕಡಿಮೆ. ಇದೂ ನನಗೆ ಮೊದಲ ಸುತ್ತಿನಲ್ಲಿ ಇಷ್ಟವಾಗುವ ಸಂಗತಿ. ಆಟಗಾರ್ತಿಯರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು ಕೇಳಿಸುತ್ತದೆ, ಚೆಂಡು ಗೋಲಿನ ಹಲಗೆಗೆ ಬಡಿದ ಸದ್ದು ಕೇಳಿಸುತ್ತದೆ. ಇಷ್ಟವಾಗದ್ದು ನಡುನಡುವೆ ಹಚ್ಚುವ ಹಾಡು. ಆಟ ನಿಂತರೆ ಸಾಕು, ಸ್ಪೀಕರು ಒದರುತ್ತದೆ. ಲೀಗಿನವರು ಈ ಬರಹ ಓದಿದರೆ ದಯವಿಟ್ಟು ಅದನ್ನು ನಿಲ್ಲಿಸಲಿ.

ನಮ್ಮ ಪಕ್ಕ ಕೂತವರು ಸತ್ಯವತಿ ಎಂಬ ನಿವೃತ್ತ ಶಾಲಾ ಶಿಕ್ಷಕಿ. ಹತ್ತಿರದಲ್ಲೇ ಮನೆಯಂತೆ, ಸಂಜೆಯ ವಾಕಿಂಗಿಗೆ ಬದಲಾಗಿ ಬಂದಿದ್ದರಂತೆ. ಯಾರ ಕಡೆ ಎಂದು ತೆಲುಗಿನಲ್ಲಿ ಕೇಳಿದರು. ಹಳದಿ ಎಂದೆ. "ಹಾಗಾದರೆ ನಾನೂ ಹಳದಿಯೇ," ಎಂದು ಕಡಲೆಕಾಯಿ ಪೊಟ್ಟಣ ನಮ್ಮ ಕಡೆ ಚಾಚಿದರು.

ಶನಿವಾರದ ಆಟದ ಬಗ್ಗೆ ಹೇಳುವಂಥದ್ದು ಕಡಿಮೆ. ಹಳದಿ ಒಂದಕ್ಕೆ ಮೂರರಿಂದ ಸೋತಿತು. ಮೂರು ಗೋಲುಗಳೂ ಕಾಕಾ ಹೇಳಿದ ಎಡಬದಿಯಿಂದಲೇ ಬಂದವು. ಅವನಿಗೆ ತನ್ನ ಮಾತು ನಿಜವಾದ ಸಮಾಧಾನವೂ ಇರಲಿಲ್ಲ. ಅವನು ಆಟಕ್ಕಿಂತ ಹೆಚ್ಚು ನೋಡಿದ್ದು ಬೆಂಚನ್ನು. ರತ್ನಾ ದಪ್ಪ ಪ್ಯಾಡು ಕಟ್ಟಿಕೊಂಡೇ ಪ್ರತಿ ಬಿಡುವಿನಲ್ಲೂ ಎದ್ದು ಹೋಗಿ, ಬಂದವರ ಕೈಗೆ ನೀರಿನ ಬಾಟಲಿ ಕೊಟ್ಟು, ಖಾಲಿಯಾದದ್ದನ್ನು ತುಂಬಿಸಿ ತರುತ್ತಿದ್ದಳು.

"ಇಷ್ಟು ದೂರ ಬಂದು ನೀರು ಕೊಡಾಕತ್ತಾಳಲ್ಲ," ಎಂದ ಮೆಲ್ಲಗೆ.

ರಾತ್ರಿಯ ಊಟಕ್ಕೆ ರತ್ನಾಳನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರು. ಲಾಡ್ಜಿನ ಹತ್ತಿರದ ಮೆಸ್ಸಿಗೆ ಬಂದಳು. ಎತ್ತರದ ಹುಡುಗಿ, ನಮ್ಮ ಅಜ್ಜಿಯ ಹಾಗೆ ಅಗಲವಾದ ಅಂಗೈ. ಬಂದವಳೇ ಅಪ್ಪನ ಕಾಲು ಮುಟ್ಟಿ, ಚಿನ್ಮಯಿಯ ಜಡೆ ಎಳೆದು, ನನ್ನ ಪಕ್ಕ ಕೂತಳು. ಎಲೆಯ ಮೇಲೆ ಹುಳಿ ಸೊಪ್ಪಿನ ಗೋಂಗೂರ ಬಂತು. ಕಾಕಾ ಬೆರಳಲ್ಲಿ ನೆಕ್ಕಿ ನೋಡಿ ಕಣ್ಣರಳಿಸಿದ.

"ಇದು ನಮ್ಮ ಪುಂಡಿಪಲ್ಲೆ ಅಲ್ಲೇನ!"

"ಅದ ಅಪ್ಪಾ. ಇಲ್ಲಿ ಹೆಸರು ಬ್ಯಾರೆ ಅಷ್ಟ," ಎಂದಳು ರತ್ನಾ. ಆಮೇಲೆ, "ಮ್ಯಾಚ್ ಹೆಂಗನಿಸ್ತು?" ಎಂದು ಕೇಳಿದಳು.

ಕಾಕಾ ಎಡಗಡೆ ಹಾಫ್‌ನ ತಪ್ಪು, ಫಾರ್ವರ್ಡ್‌ಗಳ ಸೋಮಾರಿತನ ಎಲ್ಲ ಬಿಡಿಸಿ ಹೇಳಿದ. ಅವಳು ಅನ್ನ ಕಲೆಸುತ್ತ ಹೂಂಗುಟ್ಟಿದಳು. ಅವನು ಮುಗಿಸಿದ ಮೇಲೆ ತಲೆ ಎತ್ತಿದಳು.

"ನಾಳೆ ನಾವು ಗೆದ್ರ ಶೂಟೌಟ್ ಆಗ್ತೈತಿ. ನನ್ನ ಕರೀತಾರ. ನೀ ಎದ್ದು ಹೋಗಬ್ಯಾಡ. ಅಷ್ಟ ಕೇಳ್ತೀನಿ."

"ಅದು ಹಾಕಿ ಅಲ್ಲವಾ ರತ್ನಾ."

"ಎರಡು ವರ್ಷ ಆತು ನಾ ಅದನ್ನ ಮಾಡಾಕತ್ತು. ಬ್ಯಾರೆ ಏನೂ ಮಾಡಿಲ್ಲ. ಅದು ಹಾಕಿ ಅಲ್ಲ ಅಂದ್ರ ಹಂಗಾರ ನಾ ಯಾರು?"

ಅವಳ ದನಿ ಏರಿರಲಿಲ್ಲ. ಕಾಕಾ ಎಲೆಯ ಮೇಲಿನ ಅನ್ನವನ್ನು ಸುಮ್ಮನೆ ಒತ್ತುತ್ತಿದ್ದ. ಕಡೆಗೆ ಚಿನ್ಮಯಿ ಬಡಿಸುವವರನ್ನು ಕರೆದು ಅವಳದೇ ತೆಲುಗಿನಲ್ಲಿ ಎಲ್ಲರಿಗೂ ಮಜ್ಜಿಗೆ ಹಾಕಿಸಿದಳು. ಮಜ್ಜಿಗೆ ಕುಡಿದು, ಕೈ ತೊಳೆದು, ರತ್ನಾ ತಂಡ ಇಳಿದಿದ್ದ ಹೋಟೆಲಿಗೆ ಹೊರಟುಹೋದಳು.

ಭಾನುವಾರ ಬೆಳಿಗ್ಗೆ ಚಿನ್ಮಯಿ ಇನ್ನೂ ಮಲಗಿದ್ದಳು. ಅವಳ ಪಕ್ಕದಲ್ಲಿ ಫೋನಿಟ್ಟು, ಬಾಗಿಲು ಎಳೆದುಕೊಂಡು, ಕಾಕಾನನ್ನು ಪ್ರಕಾಶಂ ಬ್ಯಾರೇಜಿನ ಕಡೆ ಕರೆದುಕೊಂಡು ಹೋದೆ. ಕೃಷ್ಣೆ ಅಲ್ಲಿ ಒಂದು ಕಡೆ ಕೆರೆಯ ಹಾಗೆ ತುಂಬಿ ನಿಂತಿರುತ್ತಾಳೆ, ಇನ್ನೊಂದು ಕಡೆ ಮರಳು ದಿಬ್ಬಗಳ ನಡುವೆ ಎಳೆಎಳೆಯಾಗಿ ಹರಿಯುತ್ತಾಳೆ. ಗುಡ್ಡದ ಮೇಲೆ ದುರ್ಗಮ್ಮನ ಗುಡಿಯ ಮೈಕು ಮೆಲ್ಲಗೆ ಕೇಳುತ್ತಿತ್ತು. ವಾಕಿಂಗ್ ಬಂದವರು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು.

"ನಿನ್ನೆ ಆಕಿಗೆ ಹಂಗ ಅನಬಾರದಿತ್ತು ಕಾಕಾ," ಎಂದೆ.

ಅವನು ಕಟಕಟೆಗೆ ಎರಡೂ ಮೊಣಕೈ ಊರಿ ನೀರು ನೋಡುತ್ತ ನಿಂತ.

"ಹನ್ನೊಂದು ಮಂದಿ ಆಡತಾರ, ಗಿರಿಜಾ. ಒಬ್ಬಾಕಿ ತಪ್ಪಿದ್ರ ಇನ್ನೊಬ್ಬಾಕಿ ಮುಚ್ಚಿಕೊಳ್ತಾಳ. ಸೋತ್ರ ಹನ್ನೊಂದೂ ಮಂದಿ ತಲಿ ತಗ್ಗಸ್ತಾರ. ಅದಕ್ಕ ಹಾಕಿ ಅಂತಾರ. ಇದು? ಎಲ್ಲಾರೂ ಆಡಿ ಹಾಳು ಮಾಡಿ, ಕಡೀಗೆ ಒಬ್ಬಾಕೀನ ಕರದು, ಹೋಗು, ನೀ ನಿಂದ್ರು ಅಂತಾರ. ಗೋಲ್ ಆದ್ರ ಎಲ್ಲಾರ ಕಣ್ಣು ಆಕಿ ಮ್ಯಾಲೆ. ಅಷ್ಟು ದೊಡ್ಡ ಮೈದಾನದಾಗ ನನ್ನ ಮಗಳು ಒಬ್ಬಾಕಿನ ನಿಂತಿರತಾಳಲ್ಲ, ಅದನ್ನ ನೋಡಾಕ ನನ್ನ ಕಡೆ ಆಗಂಗಿಲ್ಲ."

ಎರಡು ವರ್ಷ ನಾವೆಲ್ಲ ಅದನ್ನು ಹಠ ಎಂದುಕೊಂಡಿದ್ದೆವು. ರತ್ನಾ ತಾತ್ಸಾರ ಎಂದುಕೊಂಡಿದ್ದಳು.

"ಇದನ್ನ ಆಕಿಗೆ ಹೇಳಬೇಕಿತ್ತಲ್ಲ."

"ಹೆದರ್ಕಿ ಹೇಳಿದ್ರ ಆಕಿಗೂ ಹತ್ಕೊಂತೈತಿ. ಹಾಕಿ ಅಲ್ಲ ಅಂದ್ರ ನಾಕು ದಿನ ಸಿಟ್ಟಾಗ್ತಾಳ, ಬಿಡ್ತಾಳ," ಎಂದ. ಅಷ್ಟೇ. ಹಾದಿಯಲ್ಲಿ ಇಡ್ಲಿ ತಿಂದು, ಚಿನ್ಮಯಿಗೂ ಕಟ್ಟಿಸಿಕೊಂಡು ವಾಪಸಾದೆವು.

ಆ ಸಂಜೆ ಜನ ಹೆಚ್ಚಿದ್ದರು. ಸತ್ಯವತಿಯವರು ಹಳದಿ ಸೀರೆ ಉಟ್ಟು ಬಂದು ನಮಗೆ ಜಾಗ ಹಿಡಿದಿದ್ದರು. ಹಳದಿ ತಂಡದ ಕೋಚ್ ಎಡಗಡೆಯ ಹಾಫ್‌ಬ್ಯಾಕ್ ಹುಡುಗಿಯನ್ನು ಬದಲಾಯಿಸಿದ್ದರು. ಕಾಕಾ, "ಈಗ ಬುದ್ಧಿ ಬಂತು," ಎಂದ. ನನ್ನ ಜೀವಮಾನದಲ್ಲಿ ಮೊದಲ ಸಲ ನಾನು ಹಳದಿ ಗೆಲ್ಲಲಿ ಎಂದು ಮನಸಾರೆ ಬೇಡಿಕೊಂಡೆ. ಗೆದ್ದರೆ ತಾನೆ ಶೂಟೌಟು!

ಎಂಥ ಆಟ ಅದು! ನೀಲಿ ಮೊದಲು ಗೋಲು ಹೊಡೆಯಿತು, ಹೇಳಬೇಕಾಗಿಲ್ಲ, ಕಾರ್ನರಿನಿಂದ. ಹಳದಿಯವರು ಎದೆಗುಂದಲಿಲ್ಲ. ನಾನು ಹೇಳಿದ್ದೆನಲ್ಲ, ಬಟ್ಟೆ ಮಡಚಿಟ್ಟು ಬಂದವರು ಎಂದು. ಕಾರ್ನರ್ ಹೊಡೆಯುವವಳ ಎದುರಿಗೆ ಹಳದಿಯ ಒಬ್ಬ ಗಿಡ್ಡ ಹುಡುಗಿ ಪ್ರತಿ ಸಲ ಮೈಮೇಲೆ ಖಬರಿಲ್ಲದವಳ ಹಾಗೆ ಓಡಿ ಅಡ್ಡ ಬಿದ್ದಳು. ಆಮೇಲೆ ನೀಲಿಗೆ ಒಂದು ಕಾರ್ನರೂ ದಕ್ಕಲಿಲ್ಲ. ಮೂರನೆಯ ಕ್ವಾರ್ಟರಿನಲ್ಲಿ ಹಳದಿ ಒಂದು ಗೋಲು ಹೊಡೆದು ಸಮ ಮಾಡಿತು. ಕಡೆಯ ನಿಮಿಷಗಳಲ್ಲಿ ಬಲಬದಿಯಿಂದ ಬಂದ ಚೆಂಡಿಗೆ ಯಾರದೋ ಸ್ಟಿಕ್ಕಿನ ತುದಿ ತಾಗಿತು, ಚೆಂಡು ಒಳಗೆ ಉರುಳಿತು. ಸತ್ಯವತಿಯವರು ನನ್ನನ್ನು ತಬ್ಬಿಕೊಂಡರು. ಕಾಕಾ ಎದ್ದು ನಿಂತು ಟೋಪಿ ಬೀಸಿದ. ಹೂಟರ್ ಆಯಿತು. ಎರಡು ಒಂದು. ತಲಾ ಒಂದು ಪಂದ್ಯ.

ಆಗಲೇ ಅವನ ಕೈ ಕೆಳಗಿಳಿದದ್ದು. ಮೈಕಿನಲ್ಲಿ ಗೋಲ್‌ಕೀಪರ್ ಬದಲಾವಣೆ ಎಂದು ಹೇಳಿದರು. ರತ್ನಾ ಹೆಲ್ಮೆಟ್ ಹಾಕಿಕೊಂಡು, ಭಾರದ ಪ್ಯಾಡಿನಲ್ಲಿ ದಪದಪ ಹೆಜ್ಜೆ ಹಾಕುತ್ತ ಗೋಲಿನ ಕಡೆ ನಡೆದಳು. ಅರ್ಧ ದಾರಿಯಲ್ಲಿ ಒಮ್ಮೆ ನಮ್ಮ ಮೆಟ್ಟಿಲಿನ ಕಡೆ ತಿರುಗಿದಳು. ಕಾಕಾ ಅಷ್ಟರಲ್ಲಿ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಯಾರನ್ನೂ ನೋಡದೆ, ಮೆಟ್ಟಿಲಿಳಿದು ಹೋಗಿದ್ದ.

"ಅಜ್ಜಗಾರು ವೆಳ್ಳಿಪೋಯಾರು," ಎಂದಳು ಚಿನ್ಮಯಿ. ಹೊರಟುಹೋದರು ಎಂದು.

ಬೆಳಿಗ್ಗೆ ಅವನ ಮನಸ್ಸು ಅರಿತಿದ್ದೆನಾದರೂ ಆ ಕ್ಷಣಕ್ಕೆ ನನಗೆ ಸಿಟ್ಟು ಬಂತು. ಅವಳು ತಿರುಗಿ ನೋಡಿದ್ದಳು. ಕಾಣಿಸಿದ್ದು ಖಾಲಿ ಜಾಗ.

ಎರಡೂ ತಂಡಕ್ಕೂ ಒಂದೇ ಗೋಲು, ನಮ್ಮ ಬಲಗೈ ಕಡೆಯದು. ನೀಲಿಯ ಮೊದಲನೆಯವಳು ನಾಯಕಿ, ಲೀಗಿನಲ್ಲೇ ಹೆಸರಾದವಳು. ಸೀಟಿ ಆಯಿತು. ರತ್ನಾ ಗೋಲು ಬಿಟ್ಟು ಓಡಿ ಬಂದು ಅವಳ ಮುಂದೆ ಗೋಡೆಯ ಹಾಗೆ ಹರಡಿಕೊಂಡಳು. ನಾಯಕಿ ರತ್ನಾಳ ಎಡಕ್ಕೆ ಹೊರಳಿದಳು, ರತ್ನಾ ಎಡಗಾಲು ಚಾಚಿದಳು, ಚೆಂಡು ಪ್ಯಾಡಿಗೆ ಬಡಿದು ಹೊರಗೆ ಹೋಯಿತು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಹಳದಿಯ ಮೊದಲನೆಯವಳೂ ತಪ್ಪಿದಳು. ಎರಡನೆಯ ಸರದಿಯಲ್ಲಿ ಇಬ್ಬರೂ ಹೊಡೆದರು. ಮೂರನೆಯದರಲ್ಲಿ ನೀಲಿಯ ಹುಡುಗಿಯನ್ನು ರತ್ನಾ ಅಂಚಿಗೆ ತಳ್ಳಿಕೊಂಡೇ ಹೋಗಿ ಎಂಟು ಸೆಕೆಂಡು ಮುಗಿಸಿಬಿಟ್ಟಳು. ಹಳದಿಯ ಮೂರನೆಯವಳೂ ಹೊಡೆಯಲಿಲ್ಲ.

"ಅಮ್ಮಾ, ಅಕ್ಕಡ ಚೂಡು!" ಚಿನ್ಮಯಿ ನನ್ನ ಕೈ ಜಗ್ಗಿ ಅತ್ತ ತೋರಿಸಿದಳು. "ಗೋಲ್ ಹಿಂದೆ!"

ಗೋಲಿನ ಹಿಂದೆ, ಮೈದಾನದ ಕಬ್ಬಿಣದ ಕಟಕಟೆ ಹಿಡಿದುಕೊಂಡು ಬಿಳಿ ಟೋಪಿಯ ಮುದುಕ ನಿಂತಿದ್ದ. ಕಾವಲಿನವರೊಬ್ಬರು ಬಂದು ಅಲ್ಲಿ ನಿಲ್ಲಬಾರದೆಂದು ಕೈ ಆಡಿಸುತ್ತಿದ್ದರು. ಕಾಕಾ ಗೋಲಿನ ಕಡೆ ಬೆರಳು ತೋರಿಸಿ, ಅದೇ ಬೆರಳನ್ನು ತನ್ನ ಎದೆಗೆ ಇಟ್ಟುಕೊಂಡ. ಆ ಮನುಷ್ಯ ಗೋಲಿನತ್ತ ನೋಡಿದರು, ಕಾಕಾನತ್ತ ನೋಡಿದರು, ಸರಿದು ನಿಂತರು.

ನಾಲ್ಕನೆಯದನ್ನೂ ರತ್ನಾ ತಡೆದಳು. ಹಳದಿ ಹೊಡೆದು ಮುಂದಾಯಿತು. ಐದನೆಯದು ನೀಲಿಗೆ ಗೋಲು. ಎರಡು ಎರಡು. ಹಳದಿಯ ಐದನೆಯವಳು ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಹೊಡೆಯಲಿಲ್ಲ. ಇನ್ನು ಒಂದೊಂದೇ ಸರದಿ, ಒಬ್ಬರು ಹೊಡೆದು ಇನ್ನೊಬ್ಬರು ತಪ್ಪಿದರೆ ಅಲ್ಲಿಗೆ ಮುಗಿಯಿತು. ನೀಲಿಯ ನಾಯಕಿ ಮತ್ತೆ ಬಂದಳು. ಈ ಸಲ ಅವಳು ರತ್ನಾಳ ಬಲಕ್ಕೆ ಹೊರಳಿದಳು. ರತ್ನಾಳ ಎಡಗಾಲು ಆಗಲೇ ಬಿದ್ದಾಗಿತ್ತು. ಚೆಂಡು ಖಾಲಿ ಗೋಲಿಗೆ ಹೋಯಿತು. ಹಳದಿಯವಳು ಹೊಡೆದದ್ದು ಕಂಬಕ್ಕೆ ಬಡಿದು ವಾಪಸು ಬಂತು. ಎಲ್ಲ ಮುಗಿಯಿತು.

ನೀಲಿಯವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಸತ್ಯವತಿಯವರು, "ಪಾಪಂ, ಎಂತ ಬಾಗಾ ಆಡಿಂದಿ," ಎಷ್ಟು ಚೆನ್ನಾಗಿ ಆಡಿದಳು ಎಂದು, ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಚಿನ್ಮಯಿಯೂ ಕೆಳಗೆ ಓಡಿದೆವು. ರತ್ನಾ ಹೆಲ್ಮೆಟ್ ತೆಗೆದು ಗೋಲಿನ ಕಂಬಕ್ಕೆ ಒರಗಿ ಕೂತಿದ್ದಳು. ಜೊತೆಗಾತಿಯರು ಬಂದು ಬೆನ್ನು ತಟ್ಟಿ ಹೋಗುತ್ತಿದ್ದರು. ನಾವು ಕಟಕಟೆ ಮುಟ್ಟುವಷ್ಟರಲ್ಲಿ ಕಾಕಾ ಅವಳನ್ನು ಕೂಗಿದ್ದ.

"ರತ್ನವ್ವಾ!"

ಅವಳು ಬೆಚ್ಚಿ ಹಿಂದೆ ತಿರುಗಿದಳು. ಅಪ್ಪ ಅಲ್ಲಿರುವನೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಕಡೇದಕ್ಕ ಎಡಗಾಲು ಜಲ್ದಿ ಹಾಕ್ದಿ," ಎಂದ ಕಾಕಾ. "ಮೊದಲ್ನೇ ಸಲ ಆಕಿ ಆ ಕಡೆ ಹೊಳ್ಳಿದ್ಲು ಅಂತ ನೆನಪ ಇಟ್ಕೊಂಡು ನಿಂತಿದ್ದಿ. ನೆನಪ ಇಟ್ಕೋಬಾರದು. ಚಂಡ ನೋಡಬೇಕು."

ರತ್ನಾ ಕಂಬ ಹಿಡಿದು ಎದ್ದಳು. "ಎಂಟು ಸೆಕೆಂಡಿನ್ಯಾಗ ಇಷ್ಟೆಲ್ಲಾ ವಿಚಾರ ಮಾಡಾಕ ಆಗಂಗಿಲ್ಲ ಅಪ್ಪಾ."

"ಯಾಕ ಆಗಂಗಿಲ್ಲ? ಹಾಕಿ ಅಂದ್ರ ಅದ."

ಅವಳು ಎರಡು ಹೆಜ್ಜೆ ಹತ್ತಿರ ಬಂದಳು. "ಏನಂದಿ?"

"ಕೇಳಿಸ್ತಲ್ಲ. ಮತ್ತ ಹೇಳಂಗಿಲ್ಲ."

ಅವಳು ಕಟಕಟೆಯ ಮೇಲಿಂದ ಅವನ ಹೆಗಲಿಗೆ ಹಣೆ ಇಟ್ಟಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಬೆನ್ನು ಮಾತ್ರ ಅಲುಗುತ್ತಿತ್ತು. ಕಾಕಾ ಬೆವರಿನಿಂದ ತೊಯ್ದ ಅವಳ ತಲೆಯನ್ನು ಟವೆಲಿನಿಂದ ಒರೆಸಿದ, ಅವಳು ಚಿಕ್ಕವಳಿದ್ದಾಗ ಮೈದಾನದಿಂದ ಬಂದ ಮೇಲೆ ಒರೆಸುತ್ತಿದ್ದ ಹಾಗೆಯೇ.

ಆಟೋದಲ್ಲಿ ವಾಪಸು ಬರುವಾಗ ಕೇಳಿದೆ. "ನೋಡಾಕ ಆಗಂಗಿಲ್ಲ ಅಂದಿದ್ದಿ. ಮತ್ತ ಅಷ್ಟು ಹತ್ರ ಹೋಗಿ ನಿಂತ್ಯಲ್ಲ?"

"ಒಬ್ಬಾಕಿನ ನಿಂತಾಳ ಅನ್ನೂದ ಸಂಕಟ ಇತ್ತು," ಎಂದ. "ಅದಕ್ಕ ಹಿಂದ ಹೋಗಿ ನಿಂತೆ."

ಸೋಮವಾರ ನಾನು ರಜೆ ಹಾಕಿದ್ದೆ. ಸೋತ ತಂಡ ಬೆಳಿಗ್ಗೆಯೇ ಚದುರಿತು. ಮೊದಲ ಸುತ್ತಿನ ಬಗ್ಗೆ ನನ್ನ ಕೊನೆಯ ಅಭಿಪ್ರಾಯವನ್ನು ಇಲ್ಲಿ ಹೇಳುತ್ತೇನೆ. ಅದರಲ್ಲಿ ಸೋತವರನ್ನು ಯಾರೂ ನೆನಪಿಡುವುದಿಲ್ಲ, ಪತ್ರಿಕೆಯಲ್ಲಿ ಅವರಿಗೆ ಒಂದು ಸಾಲು. ಆದರೆ ಅವರು ಬೇಗ ಮನೆಗೆ ಹೋಗುತ್ತಾರೆ. ರತ್ನಾಳಿಗೆ ಕೋಚ್, ಬೇಸಿಗೆಯ ಶಿಬಿರಕ್ಕೆ ಬಾ ಎಂದಿದ್ದರು. ಆಡಲಿಕ್ಕೋ, ಹೊಸ ಕೀಪರ್‌ಗಳಿಗೆ ಕಲಿಸಲಿಕ್ಕೋ ಬಿಡಿಸಿ ಹೇಳಿರಲಿಲ್ಲ. "ಎರಡೂ ಆದೀತು, ಹೋಗ್ತೀನಿ," ಎಂದಳು. ಅಲ್ಲಿಯವರೆಗೆ ಬೆಟಗೇರಿಯೇ. ಕಾಕಾನೂ ಅವಳ ಜೊತೆ ಊರಿಗೆ ಹೊರಟ; ಗದಗಿನ ಮೇಲೆ ಹುಬ್ಬಳ್ಳಿಗೆ ಹೋಗುವ ರೈಲಿನಲ್ಲಿ ಇಬ್ಬರಿಗೂ ಅಕ್ಕಪಕ್ಕದಲ್ಲೇ ಜಾಗ ಸಿಕ್ಕಿತು.

ಸಂಜೆ ಅವರನ್ನು ಹತ್ತಿಸಲು ಹೋದೆವು. ಪ್ಯಾಡಿನ ದೊಡ್ಡ ಚೀಲ ಸೀಟಿನ ಕೆಳಗೆ ಹಿಡಿಸದೆ ಒದ್ದಾಡಿ, ಕಡೆಗೆ ದಾರಿಯಲ್ಲೇ ಇಟ್ಟರು. ಚಿನ್ಮಯಿ ಕಿಟಕಿಯ ಸರಳಿನೊಳಗೆ ಕೈ ತೂರಿಸಿ, "ಅಜ್ಜಗಾರೂ, ಮಳ್ಳೀ ಬರ್ರಿ," ಎಂದಳು, ಮತ್ತೆ ಬನ್ನಿ ಎಂದು, ಅರ್ಧ ತೆಲುಗು, ಅರ್ಧ ಗದಗು. "ಬರ್ತೀನವಾ. ಮುಂದಿನ ಸಲ ಬೇಕಾದ್ರ ಫೈನಲ್ ನೋಡೂಣು," ಎಂದ ಕಾಕಾ. ಫೈನಲ್ ಬೇಡ, ಮೊದಲ ಸುತ್ತೇ ಇರಲಿ ಎಂದು ನಾನು ವಾದ ತೆಗೆದೆ. ಅವನು ಉತ್ತರ ಕೊಡುವ ಮೊದಲೇ ಸಿಗ್ನಲ್ ಬಿತ್ತು.

ರೈಲು ಮೆಲ್ಲಗೆ ಜರುಗಿತು. ನಾವಿಬ್ಬರೂ ಕೈ ಎತ್ತಿದೆವು. ಒಳಗೆ ಕಾಕಾ ಎದ್ದು ನಿಂತು, ಪ್ಯಾಡಿನ ಚೀಲದ ಮುಂದೆ ಬಾಗಿ, ಎಡಗಾಲನ್ನು ಎಲ್ಲಿ ಇಡಬೇಕಿತ್ತೆಂದು ಮಗಳಿಗೆ ತೋರಿಸುತ್ತಿದ್ದ. ಹಾಗಲ್ಲ ಎಂದು ಅವಳು ಎರಡೂ ಕೈ ಆಡಿಸಿ ಜಗಳಾಡುತ್ತಿದ್ದಳು. ನಮ್ಮ ಕಡೆ ನೋಡುವುದನ್ನೂ ಕೈ ಬೀಸುವುದನ್ನೂ ಇಬ್ಬರೂ ಮರೆತೇಬಿಟ್ಟಿದ್ದರು.